ಕೊಟ್ಟು ತರುವ ಆಟ

ಪರರ ಮನೆಯ ವ್ಯವಹಾರವನ್ನು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಇತ್ಯರ್ಥ ಮಾಡುವುದರಲ್ಲಿ ಒಂದು ವಿಶೇಷವಾದ ಸುಖವಿದೆ. ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು, ಯಾವ ಮಂತ್ರಿಯ ಖಾತೆಯನ್ನು ಕಿತ್ತು ಯಾರಿಗೆ ಕೊಡಬೇಕಿತ್ತು, ನಾಳೆಯ ಟೆಸ್ಟಿನಲ್ಲಿ ಯಾರನ್ನು ಕೂರಿಸಿ ಯಾರನ್ನು ಆಡಿಸಬೇಕು, ಇವೆಲ್ಲ ಕಾಫಿ ಆರುವುದರೊಳಗೆ ತೀರ್ಮಾನವಾಗುವ ವಿಷಯಗಳು. ಕೈಯಿಂದ ಖರ್ಚಿಲ್ಲ; ಹೆಚ್ಚುಕಡಿಮೆಯಾದರೆ ಹೊಣೆಯಿಲ್ಲ. ನಮ್ಮ ಮಾತು ಕೇಳಿ ಯಾರೂ ಏನನ್ನೂ ಮಾಡುವುದಿಲ್ಲ ಎಂಬುದೇ ನಮಗೆ ಸಿಕ್ಕಿರುವ ಅಭಯ.

ಈ ಸುಖಕ್ಕೆ ಅಮೆರಿಕದವರು ಒಂದು ತಿಂಗಳನ್ನೇ ಮೀಸಲಿಟ್ಟಿದ್ದಾರೆ. ಅದು ಜುಲೈ. ಬೇಸ್‌ಬಾಲ್ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಅಲ್ಲಿಯ ದೊಡ್ಡ ಲೀಗಿನಲ್ಲಿ ಮೂವತ್ತು ತಂಡಗಳಿವೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡವೂ 162 ಪಂದ್ಯ ಆಡುತ್ತದೆ. ದಿನ ಬೆಳಗಾದರೆ ಪಂದ್ಯ. ನಮ್ಮಲ್ಲಿ ಹಾಲಿನವನು ಬಂದಷ್ಟೇ ಖಚಿತ. ಇದರ ಮಧ್ಯದಲ್ಲಿ ಒಂದು ಗಡುವಿದೆ. ಅದರೊಳಗೆ ತಂಡಗಳು ತಮ್ಮ ಆಟಗಾರರನ್ನು ಪರಸ್ಪರ ಅದಲುಬದಲು ಮಾಡಿಕೊಳ್ಳಬಹುದು. ದಶಕಗಳ ಕಾಲ ಈ ಗಡುವು ಜೂನ್ 15 ಇತ್ತು. 1986ರಿಂದ ಜುಲೈ 31ಕ್ಕೆ ಬಂತು. ಈಚಿನ ವರ್ಷಗಳಲ್ಲಿ ಒಂದೆರಡು ದಿನ ಹಿಂದುಮುಂದಾಗುವುದುಂಟು. ಹಿಂದೆ ಗಡುವು ದಾಟಿದ ಮೇಲೂ ಆಗಸ್ಟಿನಲ್ಲಿ ನುಸುಳಲು ಒಂದು ಹಿಂಬಾಗಿಲಿತ್ತು. 2019ರಿಂದ ಅದನ್ನೂ ಮುಚ್ಚಿದ್ದಾರೆ. ಇದಕ್ಕೆ ಟ್ರೇಡ್ ಎನ್ನುತ್ತಾರೆ. ಗೆಲ್ಲುವ ಆಸೆಯಿರುವ ತಂಡ ತನ್ನ ಎಳೆಯ ಹುಡುಗರನ್ನು ಕೊಟ್ಟು ಪಳಗಿದ ಆಟಗಾರನನ್ನು ತರುತ್ತದೆ. ಈ ವರ್ಷ ಆಸೆ ಬಿಟ್ಟ ತಂಡ ಪಳಗಿದವನನ್ನು ಕೊಟ್ಟು ಮುಂದಿನ ವರ್ಷಗಳನ್ನು ತರುತ್ತದೆ.

ತಂಡಗಳ ಯಜಮಾನರು ಇದನ್ನು ನಿಜವಾಗಿ ಮಾಡುತ್ತಾರೆ, ಉಳಿದ ದೇಶವೆಲ್ಲ ಊಹೆಯಲ್ಲಿ ಮಾಡುತ್ತದೆ. ಕ್ಷೌರದಂಗಡಿಯಲ್ಲಿ, ರೈಲಿನಲ್ಲಿ, ರೇಡಿಯೋಗೆ ಫೋನು ಹಚ್ಚಿ, ‘ನಮ್ಮ ಇಂಥವನನ್ನು ಕೊಟ್ಟು ಅವರ ಇಂಥವನನ್ನು ತಂದರೆ ಹೇಗೆ?’ ಶಿಕಾಗೋ ಹತ್ತಿರದ ಊರೊಂದರಲ್ಲಿ ಮಗನ ಮನೆಯಲ್ಲಿ ಎರಡು ಬೇಸಗೆ ಕಳೆದ ನಾನು ಈ ವಿದ್ಯೆಯನ್ನು ಕಲಿತದ್ದು ಮೊಮ್ಮಗನಿಂದ. ಅವನಿಗೆ ಹದಿನಾಲ್ಕು. ಊರಿನ ಹೆಚ್ಚಿನ ಹುಡುಗರಂತೆ ಕಬ್ಸ್ ತಂಡದ ಭಕ್ತ. ಅವನ ಬಳಿ ಒಂದು ನೋಟುಪುಸ್ತಕವಿದೆ. ಎಡಗಡೆ ಕೊಡುವುದು, ಬಲಗಡೆ ತರುವುದು. ಪ್ರತಿ ಹೆಸರಿನ ಮುಂದೆ ವಯಸ್ಸು, ಸಂಬಳ, ಇನ್ನೆಷ್ಟು ವರ್ಷ ತಂಡಕ್ಕೆ ಕಟ್ಟುಬಿದ್ದಿದ್ದಾನೆ ಎಂಬ ಲೆಕ್ಕ. ದೊಡ್ಡ ಲೀಗಿನಲ್ಲಿ ಆರು ವರ್ಷದ ಸೇವೆ ಪೂರೈಸುವವರೆಗೆ ಆಟಗಾರ ತಾನಾಗಿ ಬೇರೆ ತಂಡಕ್ಕೆ ಹೋಗುವಂತಿಲ್ಲ. ಆದ್ದರಿಂದ ಬಾಕಿಯಿರುವ ವರ್ಷ ಹೆಚ್ಚಿದ್ದಷ್ಟೂ ಹುಡುಗನಿಗೆ ಬೆಲೆ ಹೆಚ್ಚು. ಆ ಪುಸ್ತಕ ನೋಡಿದಾಗ ನನಗೆ ನಮ್ಮ ಕಡೆಯ ದನದ ಜಾತ್ರೆಯಲ್ಲಿ ಹಲ್ಲು ಎಣಿಸುವವರ ನೆನಪಾದದ್ದು ನಿಜ. ಆದರೆ ಅದನ್ನು ಅವನಿಗೆ ಹೇಳಲಿಲ್ಲ. ನಾನೂ ಉತ್ಸಾಹದಿಂದ ಒಂದು ಟ್ರೇಡ್ ಸೂಚಿಸಿದೆ: ನಮ್ಮ ಇಬ್ಬರು ಸಾಧಾರಣ ಆಟಗಾರರನ್ನು ಕೊಟ್ಟು ಅವರ ಒಬ್ಬ ಉತ್ತಮನನ್ನು ತರುವುದು.

“ತಾತ, ಹಂಗಾಗಲ್ಲ” ಎಂದ. “ಬರೀ ನಮ್ಮ ಕಡೆಯಿಂದ ನೋಡಿದ್ರೆ ಅದು ಟ್ರೇಡ್ ಅಲ್ಲ, ಆಸೆ ಅಷ್ಟೆ. ಅವರ ಕುರ್ಚೀಲಿ ಕೂತ್ಕೊಂಡು ನೋಡು. ನೀನು ಅವರಾಗಿದ್ರೆ ಹೂಂ ಅಂತೀಯಾ?”

ಕಾಲೇಜಿನಲ್ಲಿ ಮೂವತ್ತು ವರ್ಷ ನೀತಿಶಾಸ್ತ್ರ ಪಾಠ ಹೇಳಿದವನು ನಾನು. ಇಷ್ಟು ಅಚ್ಚುಕಟ್ಟಾಗಿ ಆ ಮಾತನ್ನು ನನ್ನ ಯಾವ ವಿದ್ಯಾರ್ಥಿಯೂ ಉತ್ತರಪತ್ರಿಕೆಯಲ್ಲಿ ಬರೆದಿರಲಿಲ್ಲ. ಈ ಆಟದ ಮೊದಲನೆಯ ಗುಣ ಇದು. ಎದುರಿನವನ ಕೊರತೆಯೇನು, ಅವನಿಗೆ ನಿದ್ದೆಗೆಡಿಸುವ ಚಿಂತೆ ಯಾವುದು, ಅವನು ಯಾವುದನ್ನು ಕೊಟ್ಟೂ ನಷ್ಟಪಡುವುದಿಲ್ಲ ಎಂದು ಯೋಚಿಸದೆ ಒಂದು ಒಳ್ಳೆಯ ಪ್ರಸ್ತಾಪ ಹುಟ್ಟುವುದೇ ಇಲ್ಲ. ದುರಾಸೆಯವನು ಈ ಆಟದಲ್ಲಿ ನಗೆಪಾಟಲಾಗುತ್ತಾನೆ. ಜಗಲಿಯ ಮೇಲಿನ ಬೇರೆ ಯಾವ ಹರಟೆಗೂ ಇಂಥ ಶಿಸ್ತಿಲ್ಲ.

ಇನ್ನೊಂದು ಗುಣವೂ ಇದೆ, ಅದು ಫಲವನ್ನು ಕುರಿತದ್ದು. 1987ರ ಆಗಸ್ಟ್ 12ರಂದು, ನಾನು ಹೇಳಿದ ಹಿಂಬಾಗಿಲಿನಿಂದಲೇ, ಡೆಟ್ರಾಯಿಟ್ ತಂಡ ಅಟ್ಲಾಂಟದಿಂದ ಡಾಯ್ಲ್ ಅಲೆಕ್ಸಾಂಡರ್ ಎಂಬ ಮೂವತ್ತಾರು ವರ್ಷದ ಪಿಚರನನ್ನು ತಂದಿತು. ಅವನು ಬಂದವನು ಒಂಬತ್ತು ಪಂದ್ಯ ಗೆದ್ದ, ಒಂದೂ ಸೋಲಲಿಲ್ಲ. ಕೊನೆಯ ದಿನದವರೆಗೆ ಟೊರಾಂಟೊ ಜೊತೆ ಹಣಾಹಣಿ ನಡೆದು ಡೆಟ್ರಾಯಿಟ್ ತನ್ನ ವಿಭಾಗದಲ್ಲಿ ಮೊದಲನೆಯದಾಯಿತು. ಮುಂದಿನ ಸುತ್ತಿನಲ್ಲಿ ಮಿನೆಸೋಟ ಎದುರು ಸೋತಿತು. ಅಲೆಕ್ಸಾಂಡರ್ ಎರಡು ವರ್ಷದಲ್ಲಿ ಆಟ ಬಿಟ್ಟ. ಅವನಿಗೆ ಬದಲು ಕೊಟ್ಟ ಹುಡುಗನಿಗೆ ಆಗ ಇಪ್ಪತ್ತು ವರ್ಷ, ಇನ್ನೂ ಕೆಳಗಿನ ಲೀಗಿನಲ್ಲಿದ್ದ. ಅದೇ ಮಿಶಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ, ಡೆಟ್ರಾಯಿಟ್ ತಂಡವನ್ನೇ ಪ್ರೀತಿಸುತ್ತ ಬೆಳೆದವನು. ಹೆಸರು ಜಾನ್ ಸ್ಮಾಲ್ಟ್ಸ್. ಅವನು ಅಟ್ಲಾಂಟದಲ್ಲಿ 2008ರವರೆಗೆ ಆಡಿ, ಇನ್ನೂರಕ್ಕೂ ಹೆಚ್ಚು ಪಂದ್ಯ ಗೆದ್ದು, 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಡೆಟ್ರಾಯಿಟ್ ಮಾಡಿದ್ದು ತಪ್ಪೇ? ಹೆಚ್ಚಿನವರು ಹೌದೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಆಗಸ್ಟಿನಲ್ಲಿ ಅವರಿಗೆ ಬೇಕಿದ್ದದ್ದು ಒಬ್ಬ ಪಿಚರ್, ಅವನು ಸಿಕ್ಕಿದ, ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟ. ಇಪ್ಪತ್ತು ವರ್ಷದ ಹುಡುಗ ಮುಂದೆ ಏನಾಗುತ್ತಾನೆಂದು ತಿಳಿಯಲು ಅವರು ಜ್ಯೋತಿಷಿಗಳಲ್ಲ. ಕರ್ಮವನ್ನು ಆ ಹೊತ್ತಿನ ತಿಳಿವಳಿಕೆಯಿಂದ ತೂಗಬೇಕೇ ಹೊರತು ಹಿಂದಿನಿಂದ ಬಂದ ಫಲದಿಂದಲ್ಲ. ಇದನ್ನು ನಾವು ಬಾಯಲ್ಲಿ ಒಪ್ಪುತ್ತೇವೆ. ಮಗಳ ಮದುವೆಯೋ ನಿವೇಶನದ ಖರೀದಿಯೋ ಕೆಟ್ಟಾಗ ಮಾತ್ರ ಮರೆಯುತ್ತೇವೆ. ಮೊಮ್ಮಗನ ನೋಟುಪುಸ್ತಕದಲ್ಲಿ ಪ್ರತಿ ಪ್ರಸ್ತಾಪಕ್ಕೂ ತಾರೀಖು ಹಾಕಿರುವುದನ್ನು ಕಂಡು ನನಗೆ ಸಂತೋಷವಾಯಿತು. ಆ ದಿನ ತನಗೇನು ಗೊತ್ತಿತ್ತು ಎಂಬುದಕ್ಕೆ ಅದು ಸಾಕ್ಷಿ.

ಇಷ್ಟರವರೆಗೆ ಈ ಆಟವನ್ನು ಹೊಗಳಲು ನನಗೆ ಸಂಕೋಚವಿಲ್ಲ. ತೊಡಕು ಶುರುವಾಗುವುದು ಇದೇ ಶಿಕಾಗೋದ ಕಬ್ಸ್ ತಂಡದ ಒಂದು ಹಳೆಯ ಕಥೆಯಿಂದ. 1964ರ ಜೂನ್ 15, ಅಂದರೆ ಆ ಕಾಲದ ಗಡುವಿನ ದಿನವೇ, ಕಬ್ಸ್‌ನವರು ಲೂ ಬ್ರಾಕ್ ಎಂಬ ತರುಣನನ್ನು ಸೇಂಟ್ ಲೂಯಿಸ್‌ಗೆ ಕೊಟ್ಟು ಎರ್ನಿ ಬ್ರಾಲಿಯೋ ಎಂಬ ಪಿಚರನನ್ನು ತಂದರು. ಎರಡೂ ಕಡೆ ಇನ್ನಿಬ್ಬರು ಇನ್ನಿಬ್ಬರು ಆಟಗಾರರಿದ್ದರು, ಅವರನ್ನು ಈಗ ಯಾರೂ ನೆನೆಯುವುದಿಲ್ಲ. ಬ್ರಾಲಿಯೋ ಹಿಂದಿನ ವರ್ಷ ಹದಿನೆಂಟು ಪಂದ್ಯ ಗೆದ್ದಿದ್ದವನು. ವ್ಯಾಪಾರ ಕುದುರಿತೆಂದು ಶಿಕಾಗೋದಲ್ಲಿ ಹಿಗ್ಗಿದವರು ಬಹಳ. ಆದರೆ ಅವನ ತೋಳು ಕೆಟ್ಟಿತ್ತು. ಅದೇ ವರ್ಷದ ಕೊನೆಗೆ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಕಬ್ಸ್‌ಗಾಗಿ ಅವನು ಒಟ್ಟು ಗೆದ್ದದ್ದು ಏಳು ಪಂದ್ಯ. ಬ್ರಾಕ್ ಆ ವರ್ಷವೇ ಸೇಂಟ್ ಲೂಯಿಸ್‌ಗೆ ವರ್ಲ್ಡ್ ಸೀರೀಸ್ ಗೆಲ್ಲಿಸಿಕೊಟ್ಟು, ಮುಂದೆ 938 ಬೇಸ್ ಕದ್ದು ದಾಖಲೆ ಮಾಡಿದ.

ಅಂದಿನಿಂದ ಬೇಸ್‌ಬಾಲ್ ಬಲ್ಲವರ ಮಾತಿನಲ್ಲಿ ‘ಬ್ರಾಕ್‌ಗೆ ಬ್ರಾಲಿಯೋ’ ಎಂದರೆ ಕೆಟ್ಟ ವ್ಯಾಪಾರಕ್ಕೆ ಗಾದೆ. ಬ್ರಾಲಿಯೋ 2019ರಲ್ಲಿ ತೀರಿಕೊಂಡ. ಐವತ್ತು ವರ್ಷಕ್ಕೂ ಮೇಲೆ ತನ್ನ ಹೆಸರು ಗಾದೆಯಾಗಿರುವುದನ್ನು ಕೇಳುತ್ತ ಬದುಕಿದ. ಅವನು ಮಾಡಿದ್ದೇನು? ಅವನು ಯಾರನ್ನೂ ಕೊಡಲಿಲ್ಲ, ಯಾರನ್ನೂ ತರಲಿಲ್ಲ. ಕೊಟ್ಟವರು ತಂದವರು ಬೇರೆ. ಗಾದೆಯಲ್ಲಿ ಅವರ ಹೆಸರಿಲ್ಲ. ಸಂತೆಯಲ್ಲಿ ಕೊಂಡವನು ಮೋಸಹೋದರೆ ಆಡಿಕೊಳ್ಳುವುದು ಎತ್ತನ್ನು. ಬ್ರಾಕ್ ಮತ್ತು ಬ್ರಾಲಿಯೋ ಮುಂದೆ ಸ್ನೇಹಿತರಾದರು ಎಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಆ ವ್ಯಾಪಾರದ ಒಳಗಿದ್ದವರು ಅವರೇ ಅಲ್ಲವೇ. ಉಳಿದವರೆಲ್ಲ ಹೊರಗೆ ನಿಂತು ನೋಡಿದವರು.

ಮೊಮ್ಮಗ ಹೇಳಿದ್ದು ಎರಡು ಕುರ್ಚಿಗಳ ಮಾತು. ಅಲ್ಲಿ ಮೂರನೆಯದೊಂದು ಇದೆ. ಈ ಆಟ ನಮ್ಮನ್ನು ಎದುರಾಳಿಯ ಜಾಗದಲ್ಲಿ ಕೂರಿಸುತ್ತದೆ. ಆದರೆ ಎಂಥ ಜಾಣ ಪ್ರಸ್ತಾಪವೂ, ಎಷ್ಟೇ ನ್ಯಾಯವಾದ ಅದಲುಬದಲೂ, ಯಾರನ್ನು ಕೊಡುತ್ತೇವೋ ಅವನ ಜಾಗದಲ್ಲಿ ಕೂರುವಂತೆ ಕೇಳುವುದೇ ಇಲ್ಲ. ಇಬ್ಬರು ಯಜಮಾನರು ಒಪ್ಪಿದರೆ ಲೆಕ್ಕ ಸರಿಹೋಯಿತು.

ಆ ಕುರ್ಚಿಯಿಂದ ಎದ್ದು ನಿಂತು ಮಾತಾಡಿದವನು ಕರ್ಟ್ ಫ್ಲಡ್. ಕಪ್ಪು ಜನಾಂಗದವನು, ಸೇಂಟ್ ಲೂಯಿಸ್ ತಂಡದಲ್ಲಿ ಹನ್ನೆರಡು ವರ್ಷ ಆಡಿದವನು, ಮೈದಾನದ ನಡುಭಾಗ ಕಾಯುವುದರಲ್ಲಿ ಸತತ ಏಳು ವರ್ಷ ಪ್ರಶಸ್ತಿ ಪಡೆದವನು. 1969ರ ಅಕ್ಟೋಬರಿನಲ್ಲಿ ಅವನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟರು. ತಿಳಿದದ್ದು ಬೆಳಗಿನ ಹೊತ್ತು ಬಂದ ಒಂದು ಫೋನಿನಿಂದ. ಆಗಿನ ಕರಾರಿನಲ್ಲಿದ್ದ ‘ರಿಸರ್ವ್ ಕ್ಲಾಸ್’ ಎಂಬ ಕಲಮಿನ ಪ್ರಕಾರ ಆಟಗಾರ ತಂಡಕ್ಕೆ ಸೇರಿದ ಸ್ವತ್ತು; ಹೇಳಿದಲ್ಲಿಗೆ ಹೋಗಬೇಕು, ಇಲ್ಲವೇ ಆಟ ಬಿಡಬೇಕು. ಡಿಸೆಂಬರ್ 24ರಂದು ಅವನು ಬೇಸ್‌ಬಾಲಿನ ಕಮಿಷನರ್ ಬೋವಿ ಕೂನ್‌ಗೆ ಒಂದು ಸಣ್ಣ ಕಾಗದ ಬರೆದ. ನನ್ನ ಇಷ್ಟಾನಿಷ್ಟ ಕೇಳದೆ ಕೊಳ್ಳುವ ಮಾರುವ ವಸ್ತು ನಾನಲ್ಲ ಎಂಬುದು ಅದರ ಸಾರಾಂಶ. ಅವನ ಸಂಬಳ ಆಗ ತೊಂಬತ್ತು ಸಾವಿರ ಡಾಲರ್. ಇಷ್ಟು ಕೊಟ್ಟರೂ ಗುಲಾಮನೇ ಎಂದು ಕೇಳಿದವರಿಗೆ, ಒಳ್ಳೆಯ ಸಂಬಳದ ಗುಲಾಮನೂ ಗುಲಾಮನೇ ಎಂದ.

ಈ ಕಾಗದದ ವಿಷಯ ಓದಿದಾಗ ನಮ್ಮವರಿಗೆ ನೆನಪಾಗುವುದು ಒಂದೇ ಸಭೆ. ಪಗಡೆ ಹಾಸಿದೆ, ಧರ್ಮರಾಯ ಸೋತು ಕುಳಿತಿದ್ದಾನೆ. ದ್ರೌಪದಿ ಕೇಳಿದ್ದು ಪಣ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದಲ್ಲ, ಆಟ ನ್ಯಾಯವಾಗಿ ನಡೆಯಿತೋ ಇಲ್ಲವೋ ಎಂದೂ ಅಲ್ಲ. ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿಂದ ಬಂತು ಎಂದು ಕೇಳಿದಳು. ಸಭೆಯಲ್ಲಿ ಬಲ್ಲವರೆಲ್ಲ ಇದ್ದರು. ಧರ್ಮ ಸೂಕ್ಷ್ಮವಾದದ್ದು ಎಂದು ಭೀಷ್ಮರು ನುಣುಚಿಕೊಂಡರು. ಅಮೆರಿಕದ ಸುಪ್ರೀಂ ಕೋರ್ಟು 1972ರಲ್ಲಿ ಐದಕ್ಕೆ ಮೂರು ಮತಗಳಿಂದ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಬೇಸ್‌ಬಾಲಿಗೆ ಮಾತ್ರ ಇಂಥ ವಿನಾಯಿತಿ ಇರುವುದು ಅಸಹಜ, ಹೌದು. ಆದರೆ ಅದನ್ನು ಸರಿಪಡಿಸಬೇಕಾದದ್ದು ಶಾಸನಸಭೆ, ನಾವಲ್ಲ. ತೀರ್ಪಿನ ಮೊದಲ ಭಾಗದಲ್ಲಿ ನ್ಯಾಯಮೂರ್ತಿ ಬ್ಲಾಕ್‌ಮನ್ ಹಳೆಯ ದೊಡ್ಡ ಆಟಗಾರರ ಹೆಸರುಗಳನ್ನು ಸಾಲಾಗಿ ಪೋಣಿಸಿಟ್ಟಿದ್ದಾರೆ. ಎಷ್ಟು ಪ್ರೀತಿ ನೋಡಿ ಆಟದ ಮೇಲೆ! ಎದುರಿಗೆ ನಿಂತಿದ್ದ ಆಟಗಾರನಿಗೆ ಮಾತ್ರ ಇಲ್ಲ ಎಂದರು. ಅಷ್ಟರಲ್ಲಿ ಫ್ಲಡ್‌ನ ಆಟ ಮುಗಿದಿತ್ತು. 1970ರಲ್ಲಿ ಆಡಲೇ ಇಲ್ಲ. 1971ರಲ್ಲಿ ವಾಷಿಂಗ್ಟನ್ ಪರವಾಗಿ ಹದಿಮೂರು ಪಂದ್ಯ ಆಡಿ ನಿಲ್ಲಿಸಿದ. 1997ರಲ್ಲಿ ತೀರಿಕೊಂಡ. ಅವನ ಹೆಸರಿನ ಕಾಯಿದೆ ಬಂದದ್ದು 1998ರಲ್ಲಿ.

ಇರಲಿ, ಇದು ಯಜಮಾನರ ಮಾತಾಯಿತು. ನೋಟುಪುಸ್ತಕದ ಹುಡುಗನಿಗೂ ಇದಕ್ಕೂ ಏನು ಸಂಬಂಧ? ಊಹೆಯಲ್ಲಿ ಕೊಟ್ಟರೆ ಯಾರಿಗೆ ನಷ್ಟ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮನಸ್ಸಿನಲ್ಲಿ ನಡೆದದ್ದಕ್ಕೂ ಲೆಕ್ಕವಿದೆ ಎಂದು ನಮ್ಮ ಹಿರಿಯರು ಮನಸ್ಸು, ಮಾತು, ಕಾಯ ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರು. ಅದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಕಲ್ಪನೆಗೂ ಸುಂಕ ಹಾಕಿದರೆ ಕಥೆ ಬರೆಯುವವರೆಲ್ಲ ಕೊಲೆಗಾರರಾಗುತ್ತಾರೆ. ಆದರೆ ಊಹೆ ಒಬ್ಬನ ತಲೆಯಲ್ಲೇ ಉಳಿಯುವುದಿಲ್ಲ, ಅದೇ ಕಷ್ಟ.

2015ರ ಜುಲೈ 29ರ ರಾತ್ರಿ ನ್ಯೂಯಾರ್ಕಿನಲ್ಲಿ ಮೆಟ್ಸ್ ತಂಡದ ಪಂದ್ಯ ನಡೆಯುತ್ತಿತ್ತು. ಗಡುವಿಗೆ ಎರಡು ದಿನ. ವಿಲ್ಮರ್ ಫ್ಲೋರೆಸ್ ವೆನೆಜುವೆಲಾದವನು. ಹದಿನಾರು ತುಂಬಿದ ದಿನವೇ ಮೆಟ್ಸ್‌ಗೆ ಸಹಿ ಹಾಕಿದವನು. ಆ ತಂಡ ಬಿಟ್ಟರೆ ಬೇರೆ ಮನೆ ಕಂಡವನಲ್ಲ. ಅವನನ್ನೂ ಇನ್ನೊಬ್ಬ ಪಿಚರನನ್ನೂ ಮಿಲ್ವಾಕಿಗೆ ಕೊಟ್ಟು ಕಾರ್ಲೋಸ್ ಗೋಮೆಸ್‌ನನ್ನು ತರುತ್ತಾರೆಂಬ ಸುದ್ದಿ ಆಟದ ಮಧ್ಯೆ ಹಬ್ಬಿತು. ಪ್ರೇಕ್ಷಕರ ಕೈಯಲ್ಲೆಲ್ಲ ಫೋನು. ಫ್ಲೋರೆಸ್ ಬ್ಯಾಟ್ ಹಿಡಿದು ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಬೀಳ್ಕೊಡುಗೆ ಎಂಬಂತೆ. ಅವನಿಗೆ ಯಾರೂ ಅಧಿಕೃತವಾಗಿ ಏನೂ ಹೇಳಿರಲಿಲ್ಲ. ವಿಷಯ ಜನರಿಂದಲೇ ತಿಳಿಯಿತು. ಮತ್ತೆ ಮೈದಾನಕ್ಕೆ ಹೋಗಿ ತನ್ನ ಜಾಗದಲ್ಲಿ ನಿಂತವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದದ್ದನ್ನು ದೇಶವೆಲ್ಲ ದೂರದರ್ಶನದಲ್ಲಿ ನೋಡಿತು. ರಾತ್ರಿ ಕಳೆಯುವುದರೊಳಗೆ ಆ ವ್ಯಾಪಾರ ಮುರಿದುಬಿತ್ತು. ಎರಡು ದಿನದ ಮೇಲೆ, ಗಡುವು ತೀರಿದ ಅದೇ ಸಂಜೆ, ವಾಷಿಂಗ್ಟನ್ ವಿರುದ್ಧ ಹನ್ನೆರಡನೆಯ ಇನಿಂಗ್ಸಿನಲ್ಲಿ ಅವನು ಹೋಮ್‌ರನ್ ಹೊಡೆದು ಪಂದ್ಯ ಗೆಲ್ಲಿಸಿದ. ಮೈದಾನ ಹುಚ್ಚೆದ್ದಿತು.

ಆ ಹೋಮ್‌ರನ್ ಕಥೆಯನ್ನು ಸಿಹಿ ಮಾಡಿಬಿಡುತ್ತದೆ, ಅದಕ್ಕೇ ನನಗೆ ಅದರ ಮೇಲೆ ಸ್ವಲ್ಪ ಅನುಮಾನ. ನನ್ನ ಗಮನ ಹೋಗುವುದು ಚಪ್ಪಾಳೆ ತಟ್ಟಿದವರ ಕಡೆಗೆ. ಅವರಲ್ಲಿ ಎಷ್ಟೋ ಜನ ಆ ಜುಲೈ ಪೂರ್ತಿ ಅವನನ್ನು ಕೊಟ್ಟು ಇನ್ನೊಬ್ಬನನ್ನು ತರುವ ಲೆಕ್ಕ ಹಾಕಿದ್ದವರೇ ಇರಬೇಕು. ಕಾಗದದ ಮೇಲೆ ಹೆಸರಾಗಿದ್ದವನು ಕಣ್ಣೆದುರು ಅತ್ತಾಗ ಅವರಿಗೂ ಕರುಳು ಚುರುಕ್ ಎಂದಿತು. ಅವರು ಕೆಟ್ಟವರಲ್ಲ, ಲೆಕ್ಕ ಹಾಕುವಾಗಲೂ ಕೆಟ್ಟವರಾಗಿರಲಿಲ್ಲ. ಮನುಷ್ಯನನ್ನು ಬರಿಯ ಸಾಧನವಾಗಿ ಕಾಣಬೇಡ ಎಂದು ಕಾಂಟ್ ಹೇಳಿದಾಗ ‘ಬರಿಯ’ ಎಂಬ ಮಾತಿಗೆ ಒತ್ತಿದೆ ಎಂದು ನಾನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತಿದ್ದೆ. ಅಂಚೆಯವನೂ ನಮಗೆ ಸಾಧನವೇ, ವೈದ್ಯನೂ ಸಾಧನವೇ. ಅವನ ಒಪ್ಪಿಗೆಗೆ ಜಾಗ ಇದೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ.

ಇದನ್ನು ಇಷ್ಟು ವಿಸ್ತಾರವಾಗಿ ಯೋಚಿಸಲು ಇನ್ನೊಂದು ಕಾರಣವಿದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ನಾನು ವರ್ಷದಲ್ಲಿ ಕೆಲವು ತಿಂಗಳು ಶಿಕಾಗೋ, ಉಳಿದ ತಿಂಗಳು ಮೈಸೂರಿನ ಮಗಳ ಮನೆ. ಭಾನುವಾರ ಬೆಳಗ್ಗೆ ಮಗ ಮಗಳು ಫೋನಿನಲ್ಲಿ ಮಾತಾಡುತ್ತಾರೆ. ಧ್ವನಿ ಹಾಲಿಗೆ ಕೇಳಿಸುತ್ತದೆ. “ಚಳಿ ಶುರುವಾಗೋಕ್ ಮುಂಚೆ ಅಪ್ಪನ್ನ ಕಳಿಸ್ತೀನಿ ಕಣೆ, ಅವರ ಮಂಡಿಗೆ ಇಲ್ಲಿನ ಹಿಮ ಆಗಲ್ಲ.” “ಅಕ್ಟೋಬರ್ ಆದ್ರೆ ಸರಿ ಅಣ್ಣ, ನವೆಂಬರ್‌ನಲ್ಲಿ ನಮ್ಮತ್ತೆ ಮಾವ ಬರ್ತಾರೆ, ರೂಮು ಒಂದೇ ಇರೋದು.” ವೀಸಾದ ಆರು ತಿಂಗಳು ಅವರ ಗಡುವು. ಇಬ್ಬರೂ ಒಬ್ಬರ ಕಷ್ಟ ಇನ್ನೊಬ್ಬರು ಅರಿತೇ ಮಾತಾಡುತ್ತಾರೆ. ಒಬ್ಬರ ಮೇಲೊಬ್ಬರು ಭಾರ ಹೊರಿಸುವುದಿಲ್ಲ. ಮೊಮ್ಮಗನ ನಿಯಮದ ಪ್ರಕಾರ ಅದು ನಿರ್ದೋಷವಾದ ಪ್ರಸ್ತಾಪ. ನನಗೆ ಅವರ ಮೇಲೆ ದೂರಿಲ್ಲ. ಇಂಥ ಮಕ್ಕಳು ಎಷ್ಟು ಜನಕ್ಕೆ ಸಿಗುತ್ತಾರೆ? ಹಾಲಿನ ಸೋಫಾದಲ್ಲಿ ಪೇಪರು ಹಿಡಿದು ಕುಳಿತಾಗ, ನನ್ನ ವಯಸ್ಸು, ನನ್ನ ಮಂಡಿ, ನನ್ನ ಬಾಕಿ ತಿಂಗಳು ಒಂದು ಹಾಳೆಯ ಎಡಬಲಕ್ಕೆ ಹೋಗಿ ಕೂರುವುದು ಹೇಗಿರುತ್ತದೆಂದು ತಿಳಿಯಿತು, ಅಷ್ಟೆ. ಪ್ರೀತಿಯಿಂದ ಹಾಕಿದ ಲೆಕ್ಕವೂ ಲೆಕ್ಕವೇ. ಒಂದು ಭಾನುವಾರ ಮಧ್ಯದಲ್ಲಿ ಬಾಯಿ ಹಾಕಿ, “ದೀಪಾವಳಿ ಇಲ್ಲೇ ಇರೋಣ ಅಂತ ನನಗಿದೆ” ಎಂದೆ. ಇಬ್ಬರೂ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಮಗ, “ಹೂಂ, ಕೇಳ್ಬೇಕಿತ್ತು ಅಲ್ವಾ ಅಪ್ಪ” ಎಂದ.

ಮೇಷ್ಟರುಗಳಲ್ಲಿ ಪರಸ್ಪರ ವರ್ಗಾವಣೆ ಎಂಬುದೊಂದಿದೆ. ಚಾಮರಾಜನಗರದಲ್ಲಿರುವವನು ಶಿವಮೊಗ್ಗೆಗೆ ಹೋಗಬೇಕು, ಶಿವಮೊಗ್ಗೆಯವನು ಚಾಮರಾಜನಗರಕ್ಕೆ ಬರಬೇಕು. ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಜೊತೆಯಾಗಿ ಅರ್ಜಿ ಹಾಕುತ್ತಾರೆ. ಅದೂ ಅದಲುಬದಲೇ. ಆದರೆ ಅಲ್ಲಿ ವ್ಯಾಪಾರ ಕುದುರಿಸುವವರೂ ಗಂಟುಮೂಟೆ ಕಟ್ಟುವವರೂ ಒಬ್ಬರೇ. ನಮ್ಮ ಐಪಿಎಲ್‌ನಲ್ಲಿ 2009ರಲ್ಲಿ ಜಹೀರ್ ಖಾನ್ ಬೆಂಗಳೂರಿನಿಂದ ಮುಂಬಯಿಗೆ, ರಾಬಿನ್ ಉತ್ತಪ್ಪ ಮುಂಬಯಿಯಿಂದ ಬೆಂಗಳೂರಿಗೆ ಬಂದಾಗ ಅದು ನೋಡಲು ಈ ಮೇಷ್ಟರ ವರ್ಗಾವಣೆಯಂತೆಯೇ ಇತ್ತು, ನಮ್ಮ ಹುಡುಗ ಮನೆಗೆ ಬಂದ ಎಂದು ಇಲ್ಲಿಯವರು ಸಂತೋಷಪಟ್ಟರು. ಎಲ್ಲ ಟ್ರೇಡೂ ಹೀಗೆ ಸುಖವಾಗಿ ಮುಗಿಯುವುದಿಲ್ಲ.

ಮೊಮ್ಮಗನಿಗೆ ನಾನು ಉಪದೇಶ ಮಾಡಲಿಲ್ಲ. ಹದಿನಾಲ್ಕರ ಹುಡುಗನ ಆಟದಲ್ಲಿ ದ್ರೌಪದಿಯನ್ನು ತಂದು ನಿಲ್ಲಿಸುವುದು ಸರಿಯಲ್ಲ. ‘ಇವನಿಗೆ ಬರೋಕೆ ಇಷ್ಟ ಇದೆಯಾ?’ ಎಂದಷ್ಟೇ ಒಮ್ಮೆ ಕೇಳಿದೆ. ಅವನು ಯೋಚಿಸಿ, “ಅವನಿಗೆ ಟೆನ್-ಅಂಡ್-ಫೈವ್ ಇದ್ರೆ ಕೇಳ್ಬೇಕು” ಎಂದು ನನಗೆ ಹೊಸದೊಂದು ಪಾಠ ಹೇಳಿಕೊಟ್ಟ. ದೊಡ್ಡ ಲೀಗಿನಲ್ಲಿ ಹತ್ತು ವರ್ಷ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಕಳೆದವನನ್ನು ಅವನ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ. ಫ್ಲಡ್ ಸೋತ ಮರುವರ್ಷ, 1973ರಲ್ಲಿ, ಆಟಗಾರರ ಸಂಘದ ಒಪ್ಪಂದದಲ್ಲಿ ಬಂದ ನಿಯಮವಿದು. ಫ್ಲಡ್‌ಗೆ ಹನ್ನೆರಡು ವರ್ಷವಾಗಿತ್ತು. ನಾಲ್ಕು ವರ್ಷ ಮೊದಲೇ ಬಂದಿದ್ದರೆ ಆ ಕಾಗದ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಆ ನಿಯಮವನ್ನು ಮೊಟ್ಟಮೊದಲು ಬಳಸಿದವನು ಕಬ್ಸ್ ತಂಡದ ರಾನ್ ಸ್ಯಾಂಟೊ. ಹದಿನಾಲ್ಕು ವರ್ಷ ಶಿಕಾಗೋದಲ್ಲಿ ಆಡಿದ್ದವನನ್ನು 1973ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕೊಡಲು ನೋಡಿದಾಗ ಆಗುವುದಿಲ್ಲ ಎಂದ. ಕೆಲವೇ ದಿನದಲ್ಲಿ ಅದೇ ಶಿಕಾಗೋದ ಇನ್ನೊಂದು ತಂಡ ವೈಟ್ ಸಾಕ್ಸ್‌ಗೆ ಕೊಡುತ್ತೇವೆಂದರು, ಅದಕ್ಕೆ ಒಪ್ಪಿದ. ಅಲ್ಲಿ ಅವನು ಚೆನ್ನಾಗಿ ಆಡಲಿಲ್ಲ. 1974ರ ಋತುವಿನಲ್ಲಿ ಹೊಡೆದದ್ದು ಬರೀ ಐದು ಹೋಮ್‌ರನ್. ಅದು ಮುಗಿಯುತ್ತಲೇ ಆಟ ಬಿಟ್ಟ. ಊರು ಮಾತ್ರ ಬಿಡಲಿಲ್ಲ.